ಓರೆಯಕ್ಷರವೂ ನಮ್ಮ ಕೆಂಪು ಗೆರೆಯೂ

ನಮ್ಮೂರಿನ ಪುಸ್ತಕಭಂಡಾರದಲ್ಲಿ ಒಂದು ಇಂಗ್ಲಿಷ್ ಗ್ರಂಥದ ಮುಖಪತ್ರದ ಮೇಲೆ ಕೆಂಪು ಸೀಸದ ಕಡ್ಡಿಯ ಗೆರೆಯೊಂದಿರುವುದು. ಅದನ್ನು ಎಳೆದವರು ನಾವೇ. ಆ ಗೆರೆಯ ವೃತ್ತಾಂತವನ್ನು ವಾಚಕ ಮಹಾಶಯರಲ್ಲಿ ಅರಿಕೆಮಾಡುವುದಕ್ಕೆ ಮುಂಚೆ, ಇಂಗ್ಲಿಷ್ ಪುಸ್ತಕಗಳಲ್ಲಿ ಕಾಣುವ ಓರೆಯಕ್ಷರಗಳ ಸಂಗತಿಯನ್ನು ಕೊಂಚ ಹೇಳಬೇಕಾಗಿದೆ.

ಇಟಲಿ ದೇಶದಲ್ಲಿ ಹುಟ್ಟಿದುದರಿಂದ ಇವಕ್ಕೆ ಇಟ್ಯಾಲಿಕ್ ಎಂಬ ಹೆಸರು ಬಂದಿತು. ವೆನಿಸ್ ಪಟ್ಟಣದಲ್ಲಿ ಆಲ್ಡಸ್ ಮನೂಷಿಯಸ್ ಎಂಬ ವಿದ್ವಾಂಸನು ಮುದ್ರಣಾಲಯವನ್ನು ನಡೆಸುತ್ತಿದ್ದನು. ಅವನಿಗಾಗಿ ಫ್ರಾಂಚೆಸ್ಕೊ ಗ್ರಿಫೊ ಎಂಬ ಕುಶಲನು, ಅಂದಿನ ಪಂಡಿತರು ಲೇಖನಿಯನ್ನು ಬೇಗಬೇಗನೆ ಓಡಿಸಿ ಬರೆಯುತ್ತಿದ್ದ ಕೈಬರಹವನ್ನೇ ಮಾದರಿಯಾಗಿಟ್ಟುಕೊಂಡು ಈ ಅಚ್ಚಿನ ಮೊಳೆಗಳನ್ನು ಕೊರೆದನು. 1500ರಲ್ಲಿ ಒಂದು ಚಿತ್ರದೊಳಗಿನ ಕೆಲವು ಮಾತುಗಳಿಗೆ ಮಾತ್ರ ಇವು ಬಳಕೆಯಾದುವು. 1501ರಲ್ಲಿ ವರ್ಜಿಲ್ ಕವಿಯ ಗ್ರಂಥವು ಆದ್ಯಂತವಾಗಿ ಓರೆಯಕ್ಷರದಲ್ಲಿಯೇ, ಅಂಗೈಯಲ್ಲಿ ಹಿಡಿದು ಓದಬಹುದಾದ ಸಣ್ಣ ಆಕಾರದಲ್ಲಿ, ಹೊರಬಿದ್ದಿತು. ಸಾಲಿನ ಮೊದಲ ದೊಡ್ಡಕ್ಷರಗಳು ಮಾತ್ರ ನೆಟ್ಟಗೆ ನಿಂತಿದ್ದುವು. ಮಾರನೆಯ ವರ್ಷ ವೆನಿಸಿನ ಸಭೆಯು ಆಲ್ಡಸನಿಗೆ ಈ ಅಕ್ಷರಗಳ ವಿಷಯದಲ್ಲಿ ವಿಶೇಷಾಧಿಕಾರವನ್ನು ಕೊಟ್ಟಿತು. ಅಷ್ಟಾದರೂ ಫ್ರಾನ್ಸಿನ ಲಿಯೋನ್ ಪಟ್ಟಣದ ಮುದ್ರಕರು ಅನುಕರಿಸುವುದನ್ನು ಬಿಡಲಿಲ್ಲ. 1503ರಲ್ಲಿ ಅವನು ರೋಸಿಹೋಗಿ, ಆ ನಕಲುಗಳಲ್ಲಿರುವ ತಪ್ಪುಗಳ ಪಟ್ಟಿಯನ್ನೇ ಅಚ್ಚುಹಾಕಿಸಿದನು. ನಕಲುಗಾರರಿಗೆ ಇದಕ್ಕಿಂತ ದೊಡ್ಡ ಉಪಕಾರ ಬೇರೆ ಯಾವುದಿದ್ದೀತು! ಇತರರ ತಪ್ಪನ್ನು ಎತ್ತಿತೋರಿಸುವ ಚಪಲವು ನಮ್ಮ ವೃತ್ತಿಯವರಿಗೆ ಮಾತ್ರ ಮೀಸಲಲ್ಲವೆಂದು ತಿಳಿದು ನಮಗೆ ಸಮಾಧಾನವಾಯಿತು.

ನೆಟ್ಟಗಿನ ಅಕ್ಷರವನ್ನು ಪಕ್ಕಕ್ಕೆ ತಳ್ಳಿದ ಮಾತ್ರಕ್ಕೆ ಅದು ಇಟ್ಯಾಲಿಕ್ ಆಗದು. ನೆಟ್ಟಗಿನ ಸಣ್ಣ 'ಎ' ಅಕ್ಷರಕ್ಕೆ ತಲೆಯ ಮೇಲೊಂದು ಕೊಕ್ಕೆಯುಂಟು. ಓರೆಯಲ್ಲಿ ಅದು ಮಾಯವಾಗಿ ಒಂದೇ ಹೊಟ್ಟೆ ಉಳಿಯುವುದು. 'ಎಫ್' ಅಕ್ಷರವು ಸಾಲಿನ ಕೆಳಕ್ಕೆ ಬಾಲವನ್ನು ಚಾಚುವುದು. ನೆಟ್ಟಗಿನ ಅಕ್ಷರದ ಬುಡದಲ್ಲಿ ಎರಡೂ ಕಡೆಗೆ ಚಾಚಿದ ಚಪ್ಪಟೆಯಾದ ಕುಡಿಗಳಿದ್ದರೆ, ಇಲ್ಲಿ ಲೇಖನಿಯನ್ನು ಮೇಲೆತ್ತುವಾಗ ಉಳಿದಂತಹ ಒಂದೇ ಬಾಗಿದ ಕುಡಿ. ಈಗ ಗಣಕಯಂತ್ರದಲ್ಲಿ ನಮ್ಮ ಕನ್ನಡದ ಅಕ್ಷರಗಳನ್ನೂ ಓರೆಮಾಡುವ ಚಾಳಿ ಹುಟ್ಟಿದೆ. ದುಂಡಾದ ನಮ್ಮ ಅಕ್ಷರಗಳು ಆಗ ಜಾರುಬಂಡೆಯ ಮೇಲೆ ಕುಳಿತವರಂತೆ ಕಾಣುವುವು. ನಮಗೇನೋ ಅದು ಹಿಡಿಸದು.

ಕ್ರಮೇಣ ಪೂರ್ತಿ ಗ್ರಂಥವನ್ನು ಹೀಗೆ ಅಚ್ಚುಹಾಕುವುದು ನಿಂತು, ಗ್ರಂಥನಾಮಗಳಿಗೂ ಪರಭಾಷೆಯ ಶಬ್ದಗಳಿಗೂ ಒತ್ತಿಹೇಳಬೇಕಾದ ಮಾತಿಗೂ ಓರೆಯಕ್ಷರವನ್ನು ಬಳಸುವ ರೂಢಿ ಬಂದಿತು. ಸಸ್ಯಶಾಸ್ತ್ರದವರು ಮಾವಿನಮರವನ್ನು 'ಮ್ಯಾಂಜಿಫೆರಾ ಇಂಡಿಕಾ' ಎಂದು ಓರೆಯಾಗಿಯೇ ಬರೆಯುವರು. ಇಷ್ಟು ನಮಗೆ ಗೊತ್ತಿದ್ದಿತು. ಇಷ್ಟೇ ಗೊತ್ತಿದ್ದುದೇ ಅನರ್ಥಕ್ಕೆ ಕಾರಣವಾಯಿತು.

1994ರಲ್ಲಿ ನಮ್ಮ ತರಗತಿಯ ಹುಡುಗನೊಬ್ಬನು ಮಹಾವೀರ ಜಯಂತಿಯ ಭಾಷಣಕ್ಕಾಗಿ ಪ್ರಬಂಧವನ್ನು ಬರೆದು ತಂದನು. ಅದರಲ್ಲಿ 'ಗೈನಸೂತ್ರಗಳು' ಎಂದಿತ್ತು. ನಾವು ಅದನ್ನು ಗಟ್ಟಿಯಾಗಿ ಓದಿ, ಹುಡುಗರನ್ನೆಲ್ಲ ನಗಿಸಿ, "ಜಕಾರ ಗಕಾರಗಳ ಭೇದವರಿಯದವನು ಭಾಷಣ ಮಾಡುವನಂತೆ!" ಎಂದೆವು. ಅವನು ಅಳುಮೋರೆಯಿಂದ ಪುಸ್ತಕಭಂಡಾರದ ಗ್ರಂಥವನ್ನೇ ತೆಗೆದು ತೋರಿಸಿದನು. ಹರ್ಮನ್ ಯಾಕೋಬಿ ಪಂಡಿತನು ಭಾಷಾಂತರಿಸಿದ, 1884ರಲ್ಲಿ ಆಕ್ಸ್‌ಫರ್ಡಿನಿಂದ ಮೊದಲು ಪ್ರಕಟವಾದ ಸಂಪುಟವದು. ಮುಖಪತ್ರದಲ್ಲಿ 'ಜೆ' ಇರಬೇಕಾದೆಡೆಯಲ್ಲಿ 'ಜಿ' ಇದ್ದಿತು. "ಅಚ್ಚಿನ ತಪ್ಪು, ಅಷ್ಟೂ ತಿಳಿಯಬೇಡವೆ?" ಎಂದು ಗದರಿಸಿ ಅದರ ಮೇಲೆ ಕೆಂಪು ಗೆರೆಯನ್ನೆಳೆದೆವು. ಹುಡುಗನು ಭಾಷಣವನ್ನು ಮಾಡಲಿಲ್ಲ.

ನಿವೃತ್ತರಾದ ಮೇಲೆ, ಮಾಕ್ಸ್ ಮ್ಯೂಲರನು ಸಂಪಾದಿಸಿದ ಆ ಮಾಲೆಯ 50 ಸಂಪುಟಗಳಲ್ಲಿ ಕೆಲವನ್ನು ಓದುತ್ತ, ಕಡೆಯ ಹಾಳೆಗಳಲ್ಲಿದ್ದ ಲಿಪ್ಯಂತರದ ಪಟ್ಟಿಯನ್ನು ಕಂಡೆವು. ಅಲ್ಲಿನ ಕ್ರಮದಂತೆ ನೆಟ್ಟಗಿನ 'ಕೆ' ಎಂದರೆ ಕಕಾರ, ಓರೆಯಾದ 'ಕೆ' ಎಂದರೆ ಚಕಾರ. ನೆಟ್ಟಗಿನ 'ಜಿ' ಗಕಾರ, ಓರೆಯಾದ 'ಜಿ' ಜಕಾರ. ಓರೆಯಾದ 'ಟಿ', 'ಡಿ', 'ಎನ್' ಎಂಬುವು ಟ, ಡ, ಣಗಳು. ಮುಖಪತ್ರದ ಆ 'ಜಿ' ಓರೆಯಾಗಿದ್ದಿತು! ಯಾಜ್ಞವಲ್ಕ್ಯನ ಹೆಸರಿನಲ್ಲಿಯೂ ಹಾಗೆಯೇ. ಚವರ್ಗವು ಕವರ್ಗವಾಗುವುದೆಂದು, ವಾಚ್ ಎಂಬುದರಿಂದ ವಾಕ್, ಯುಜ್ ಎಂಬುದರಿಂದ ಯೋಗ ಎಂದು, ವರ್ಷವರ್ಷವೂ ಕರಿಹಲಗೆಯ ಮೇಲೆ ಬರೆಯುತ್ತಿದ್ದವರು ನಾವು. ಆ ನಂಟನ್ನೇ ಮೊಳೆಯ ಓರೆಯಲ್ಲಿ ತೋರಿಸಿದ್ದುದು ನಮ್ಮ ಕಣ್ಣಿಗೆ ಬೀಳಲಿಲ್ಲ.

ಕಳೆದ ದಸರೆಯಲ್ಲಿ ಆ ಶಿಷ್ಯನು ಹೆಂಡತಿ ಮಕ್ಕಳೊಡನೆ ನಮ್ಮ ಮನೆಗೆ ಬಂದನು. ನಾವು ಎಲ್ಲವನ್ನೂ ಹೇಳಿ, ತಪ್ಪು ನಮ್ಮದೆಂದೆವು. ಅವನು ಕೊಂಚ ಹೊತ್ತು ಸುಮ್ಮನಿದ್ದು, "ಬೈದದ್ದು ನೆನಪಿದೆ ಮೇಷ್ಟರೇ, ಯಾವ ಶಬ್ದಕ್ಕೆ ಎಂಬುದು ಮರೆತೇಹೋಗಿತ್ತು" ಎಂದನು. ಸಾಯಂಕಾಲ ಇಬ್ಬರೂ ಪುಸ್ತಕಭಂಡಾರಕ್ಕೆ ಹೋದೆವು. ರಬ್ಬರಿನಿಂದ ಉಜ್ಜಿದರೆ ಕೆಂಪು ಹರಡಿತೇ ಹೊರತು ಅಳಿಯಲಿಲ್ಲ. ಭಂಡಾರದವರ ಅಪ್ಪಣೆ ಪಡೆದು, ಗೆರೆಯ ಕೆಳಗೆ "ಈ ಅಕ್ಷರವು ಸರಿಯಾಗಿದೆ" ಎಂದು ಬರೆದು, ತಾರೀಖು ಹಾಕಿ ಬಂದೆವು.