ಲೂನಾ, ಬೈಕು ಮತ್ತು ಅಪ್ಪನ ಕ್ರಿಕೆಟ್

ಸ್ಪಾರ್ಕ್ ಪ್ಲಗ್ಗಿನ ಪ್ರತಿ ಕಿಡಿಯೂ ಒಂದು ಪುಟ್ಟ ರೇಡಿಯೋ ಸ್ಟೇಷನ್ನು. ನಮ್ಮೂರಲ್ಲಿ ಲೂನಾ ಹೋದಾಗ ದೂರದರ್ಶನದ ತುಂಬಾ ಬಿಳಿ ಚುಕ್ಕಿ ಬರ್ತಿದ್ದದ್ದು ಇದಕ್ಕೇ. (ಡೀಸೆಲ್ ಬಸ್ಸಿಗೆ ಸ್ಪಾರ್ಕ್ ಪ್ಲಗ್ಗೇ ಇಲ್ಲ, ಪಾಪ, ಅದು ನಿರಪರಾಧಿ.)

ಈಗ ಮೆಲ್ಬರ್ನಿನ ನಮ್ಮ ಬಾಡಿಗೆ ಮನೆ ರಸ್ತೆಗೇ ಅಂಟಿಕೊಂಡಿದೆ. ಹಳೇ ಬೈಕೊಂದು ಹೋದರೆ ಸಾಕು, ಕೈ ಎತ್ತಿದ ಬೌಲರ್ ಹಾಗೇ ಕಲ್ಲಾಗ್ತಾನೆ. ಮೂರು ತಿಂಗಳಿಗೆ ಬಂದಿರುವ ಅಪ್ಪನಿಗೆ ಇಲ್ಲಿ ಮಾತಿಗೆ ಜನ ಇಲ್ಲ, ಇರೋದು ಕ್ರಿಕೆಟ್ ಒಂದೇ. "ಊರಲ್ಲಿ ಚುಕ್ಕಿ ಬಂದ್ರೂ ಔಟಾಗಿದ್ದು ಯಾರು ಅಂತ ಗೊತ್ತಾಗ್ತಿತ್ತು" ಅಂದರು.

ನಿಜ. ಡಿಜಿಟಲ್ ಒಂದಷ್ಟು ತಪ್ಪನ್ನು ತಾನೇ ತಿದ್ದಿಕೊಳ್ಳುತ್ತೆ. ಮಿತಿ ಮೀರಿತೋ, ಪೂರ್ತಿ ಕೈಚೆಲ್ಲುತ್ತೆ. ಇಲ್ಲಿನ ಮುಖ್ಯ ಚಾನೆಲ್‌ಗಳು 174ರಿಂದ 230 ಮೆಗಾಹರ್ಟ್ಸ್ ನಡುವಿನ ವಿಎಚ್‌ಎಫ್‌ನಲ್ಲಿವೆ. ಯುಎಚ್‌ಎಫ್‌ಗಿಂತ ಅಲ್ಲಿ ಕಿಡಿಯ ಕಾಟ ಜಾಸ್ತಿ. ನಮ್ಮೂರ ಡಿಶ್ ಗಿಗಾಹರ್ಟ್ಸ್‌ನದು, ಅದಕ್ಕೆ ಮಳೆಯ ಭಯ, ಬೈಕಿನದ್ದಲ್ಲ.

ಅಂಗಡಿಯವರು ಬೂಸ್ಟರ್ ಹಾಕಿ ಅಂದರು. ಬೇಡ ಅಂದೆ, ಅದು ಗದ್ದಲವನ್ನೂ ಜೊತೆಗೇ ಹಿಗ್ಗಿಸುತ್ತೆ. ಗೋಡೆಯಿಂದ ಟೀವಿಗಿದ್ದ ಅಗ್ಗದ ತೆಳು ವೈರ್ ಕಿತ್ತು ಪದರ ಪದರ ಕವಚವಿರುವ ಕೇಬಲ್ ಹಾಕಿದೆ. ಅರ್ಧ ಕಾಯಿಲೆ ಅಲ್ಲೇ ವಾಸಿ! ಆಮೇಲೆ ಮಾಲೀಕರನ್ನು ಕೇಳಿ ಆಂಟೆನಾವನ್ನು ರಸ್ತೆ ಬದಿಯಿಂದ ಹಿತ್ತಲ ಕಡೆಗೆ ಸಾಗಿಸಿ, ಡ್ಯಾಂಡೆನಾಂಗ್ ಬೆಟ್ಟದ ಟವರಿನತ್ತ ತಿರುಗಿಸಿದೆ. ಅಪ್ಪ ಕೆಳಗಿಂದ "ಬಂತು... ಹೋಯ್ತು... ಬಂತು ಬಂತು" ಅಂತ ಕೂಗ್ತಾ ಇದ್ರು, ಎರಡು ತಿಂಗಳಲ್ಲಿ ಮೊದಲ ಸಲ ಅಷ್ಟು ಜೋರಾಗಿ.

ಪಕ್ಕದ ಮನೆಯ ಪೆಟ್ರೋಲ್ ಹುಲ್ಲು ಕತ್ತರಿಸೋ ಯಂತ್ರಕ್ಕೆ ಮಾತ್ರ ಇನ್ನೂ ಮದ್ದು ಸಿಕ್ಕಿಲ್ಲ. ಅಪ್ಪ ಹೊರಡೋಕೆ ಹನ್ನೆರಡು ದಿನ ಇದೆ.