ಐದು ಮೂಟೆ ಭತ್ತ

1978ರಲ್ಲಿ ನಾನು ಟಾಂಜಾನಿಯಾ ದೇಶದ ಮೊರೊಗೊರೊ ಪಟ್ಟಣದ ಪ್ರೌಢಶಾಲೆಯೊಂದರಲ್ಲಿ ಗಣಿತದ ಉಪಾಧ್ಯಾಯನಾಗಿದ್ದೆ. ಪಾಠವೆಲ್ಲ ಇಂಗ್ಲಿಷಿನಲ್ಲಿ; ಪೇಟೆಯ ವ್ಯವಹಾರವೆಲ್ಲ ಸ್ವಾಹಿಲಿಯಲ್ಲಿ. ಆರೇ ತಿಂಗಳಲ್ಲಿ ಆ ಭಾಷೆಯನ್ನು ಕಲಿತುಬಿಟ್ಟೆನೆಂಬ ಹೆಮ್ಮೆ ನನಗಿತ್ತು. ಆದುದರಿಂದಲೇ, ವಿದ್ಯಾರ್ಥಿನಿಲಯದ ಮೇಲ್ವಿಚಾರಕರು ಇಂಗ್ಲಿಷಿನಲ್ಲಿದ್ದ ಒಂದು ಕಾಗದವನ್ನು ಸ್ವಾಹಿಲಿಗೆ ತಿರುಗಿಸಿಕೊಡಿರೆಂದಾಗ ಹಿಂದುಮುಂದು ನೋಡದೆ ಒಪ್ಪಿದೆ. ಕಿಲೊಂಬೆರೊ ಕಣಿವೆಯ ರೈತರೊಬ್ಬರಿಗೆ ಹೋಗಬೇಕಾದ ಕಾಗದವದು. ಐದು ಮೂಟೆ 'ರೈಸ್' ಬೇಕೆಂಬುದಷ್ಟೇ ಅದರ ಸಾರ.

ನನ್ನ ಪುಟ್ಟ ನಿಘಂಟಿನಲ್ಲಿ ಆ ಪದದ ಎದುರು ಮೂರು ಮಾತುಗಳಿದ್ದವು: ಮ್ಪುಂಗ, ಮ್ಚೆಲೆ, ವಾಲಿ. ಕಿಷ್ಕಿಂಧೆಯ ಅರಸನನ್ನು ಅಲ್ಲಿ ಕಂಡು ನಕ್ಕೆ. ಮೂರೂ ಸಮಾನಾರ್ಥಕಗಳೆಂದು ಬಗೆದು, ಮೊದಲನೆಯದನ್ನು ಬರೆದು ಕಳುಹಿಸಿದೆ.

ಹತ್ತನೆಯ ದಿನ ಲಾರಿ ಬಂದಿತು. ಮೂಟೆ ಬಿಚ್ಚಿದರೆ ಹೊಟ್ಟು ಬಿಡದ ಭತ್ತ! ಉಗ್ರಾಣ ಬರಿದಾಗಿತ್ತು, ಎಂಬತ್ತು ಮಕ್ಕಳು ಮಧ್ಯಾಹ್ನದ ಊಟಕ್ಕೆ ಕಾದಿದ್ದರು. ಅಡುಗೆಯ ಹಿರಿಯಾಕೆಯನ್ನು ಎಲ್ಲರೂ 'ಮಾಮಾ' ಎನ್ನುತ್ತಿದ್ದರು. ಅಲ್ಲಿ ಹಾಗೆಂದರೆ ತಾಯಿ. ಆಕೆ ಮಾತಿಲ್ಲದೆ ನೆರೆಮನೆಗಳಿಂದ ಕಿನು, ಮ್ಚಿಗಳನ್ನು, ಎಂದರೆ ಒರಳು ಒನಕೆಗಳನ್ನು ತರಿಸಿದಳು. ದೊಡ್ಡ ಹುಡುಗರು ಕುಟ್ಟಿದರು; ಆಕೆ ಕೇರಿದಳು. ಮಕ್ಕಳು ಉಂಡಾಗ ಸಂಜೆಯಾಗಿತ್ತು. ಯಾರೂ ನನ್ನನ್ನು ಬೈಯಲಿಲ್ಲ. ಬೈದಿದ್ದರೆ ಮನಸ್ಸು ಹಗುರವಾಗುತ್ತಿತ್ತು.

ಮ್ಪುಂಗ ಎಂದರೆ ಭತ್ತ, ಮ್ಚೆಲೆ ಎಂದರೆ ಅಕ್ಕಿ, ವಾಲಿ ಎಂದರೆ ಅನ್ನ. ಇದನ್ನರಿಯದವನು ಯಾರು? ಗದ್ದೆ ಬೇಸಾಯದ ಮನೆಯಲ್ಲಿ ಹುಟ್ಟಿದ ನಾನು! ಅಂಗಳದಲ್ಲಿ ಭತ್ತ, ಮೊರದಲ್ಲಿ ಅಕ್ಕಿ, ಎಲೆಯ ಮೇಲೆ ಅನ್ನ. ಅಕ್ಕಿ ತಾ ಎಂದರೆ ಭತ್ತ ತರುವ ಮಗು ನಮ್ಮೂರಿನಲ್ಲಿ ಒಂದೂ ಇರಲಿಲ್ಲ. ಇಂಗ್ಲಿಷಿನಲ್ಲಿಯೂ ಭತ್ತಕ್ಕೆ 'ಪ್ಯಾಡಿ' ಎಂಬ ಮಾತುಂಟು, ಅದೂ ಮಲಯ ಭಾಷೆಯಿಂದ ತಂದ ಸಾಲ. ಆದರೆ ದಿನಬಳಕೆಯಲ್ಲಿ ಮೂರಕ್ಕೂ ಒಂದೇ ಹೆಸರು ಸಾಕಾಗುತ್ತದೆ. ಕನ್ನಡದಿಂದ ನೇರವಾಗಿ ಹೋಗಿದ್ದರೆ ಮೂರಕ್ಕೆ ಮೂರು ಸರಿಹೊಂದುತ್ತಿದ್ದವು. ನಾನು ಇಂಗ್ಲಿಷಿನ ಬಾಗಿಲಿನಿಂದ ಹೊಕ್ಕಿದ್ದೆ; ನನ್ನ ತಾಯಿಯ ಮಾತುಗಳನ್ನು ಹೊರಗೇ ಬಿಟ್ಟಿದ್ದೆ.

ರಾತ್ರಿ ಪಾತ್ರೆ ತೊಳೆಯುತ್ತಿದ್ದ ಮಾಮಾಳ ಬಳಿ ಹೋಗಿ ತಪ್ಪೊಪ್ಪಿಕೊಂಡೆ. "ನಿಮ್ಮ ಭಾಷೆಯಲ್ಲಿ ಮ್ಪುಂಗಕ್ಕೆ ಹೆಸರಿಲ್ಲವೆ, ಗುರುಗಳೆ?" ಎಂದು ಕೇಳಿದಳು.

"ಉಂಟು, ಭತ್ತ" ಎಂದೆ.

ಆಕೆ ಕೈಯಲ್ಲಿದ್ದ ಪಾತ್ರೆಯನ್ನು ಕೆಳಗಿಟ್ಟು ಬಿದ್ದು ಬಿದ್ದು ನಕ್ಕಳು. ಸ್ವಾಹಿಲಿಯಲ್ಲಿ 'ಬಾತ' ಎಂದರೆ ಬಾತುಕೋಳಿ. ಮುಂದೆ ಅಕ್ಕಿಯ ಚೀಟಿ ಬರೆಯಲು ನಾನು ಕುಳಿತಾಗಲೆಲ್ಲ ಆಕೆ ಬಾಗಿಲಲ್ಲಿ ನಿಂತು, "ನೋಡಿ ಗುರುಗಳೆ, ಈ ಸಲ ಬಾತುಕೋಳಿ ಬಂದೀತು!" ಎನ್ನುತ್ತಿದ್ದಳು.