ಮೀಡಿಯಂ ವೇವ್ ಇರಲಿ

ಹೈದರಾಬಾದಿನ ಕನ್ನಡಿಗ ಗೆಳೆಯರೊಬ್ಬರ 1965ರ ಎಂಜಿಬಿ ಸ್ಪೋರ್ಟ್ಸ್ ಕಾರಿಗೆ ಬದಲಿ ರೇಡಿಯೊ ಹುಡುಕಲು ಕೋಠಿಯ ಗುಜರಾತಿ ಗಲ್ಲಿಗೆ ಹೋಗಿದ್ದೆವು. ಅಂಗಡಿಗಳಲ್ಲಿದ್ದುದು ಎಫ್‌ಎಂ, ಬ್ಲೂಟೂತ್‌ಗಳ ಹೊಸ ಸೆಟ್ಟುಗಳು. ಅವಕ್ಕೆ ಬ್ಯಾಟರಿಯ ಋಣ ತುದಿ ಕಾರಿನ ಮೈಗೆ ಕೂಡಿರಬೇಕು. ಆ ಕಾಲದ ಎಂಜಿಬಿಯಲ್ಲಿ ಕೂಡಿರುವುದು ಧನ ತುದಿ. ತಂತಿಗಳನ್ನು ಬದಲಿಸಿ ಅದನ್ನು ಸರಿಪಡಿಸಬಹುದು. ಮೀಡಿಯಂ ವೇವ್ ಇಲ್ಲದ ಕೊರತೆಯನ್ನು ತುಂಬಲಾಗದು. ಎಫ್‌ಎಂ ಊರಿನ ಸುತ್ತಮುತ್ತಲಿಗೆ ಸೀಮಿತ. ಮೀಡಿಯಂ ವೇವ್ ಕತ್ತಲಾದ ಮೇಲೆ ಅಯಾನುಗೋಳದಿಂದ ಪ್ರತಿಫಲಿಸಿ ನೂರಾರು ಕಿಲೋಮೀಟರು ಸಾಗುತ್ತದೆ. ಬೆಂಗಳೂರು ಆಕಾಶವಾಣಿಯ 612 ಕಿಲೋಹರ್ಟ್ಸ್‌ನ ಕನ್ನಡ ಈ ಊರಿನ ಇರುಳಿಗೆ ಬರುವುದು ಆ ದಾರಿಯಿಂದಲೇ. ಗೆಳೆಯರು ಧ್ರುವ ಬದಲಿಸಬಹುದಾದ, ಅದೇ ಕಾಲದ ಮೀಡಿಯಂ ವೇವ್ ಸೆಟ್ಟನ್ನೇ ಆರಿಸಿದರು. ಫೋನಿನಲ್ಲಿ ಕನ್ನಡ ಬೇಕೆಂದಾಗ ಸಿಗುತ್ತದೆ. ಗೊರಗೊರ ಸದ್ದಿನ ನಡುವೆ ತಾನಾಗಿ ಬಂದ ಕನ್ನಡಕ್ಕೆ ಕಿವಿಗೊಡುವ ಬಗೆಯೇ ಬೇರೆ.